ಮುನೇಶ್ವರನಿಗೆ ಒಪ್ಪಿಸಿದ ಗುದ್ದಲಿ

ನಮ್ಮಣ್ಣ ಬ್ಯಾಟರಾಯಪ್ಪ ಬಿ.ಎ. ಪಾಸು ಮಾಡಿದ ವರ್ಷ ನಮ್ಮಪ್ಪ ಅವನ ಗುದ್ದಲಿಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಊರ ಹೊರಗಿನ ಮುನೇಶ್ವರನಿಗೆ ಒಪ್ಪಿಸಿಬಿಟ್ಟ. ಬೇರೆಯವರು ಹರಕೆ ಅಂದರೆ ಕೋಳಿ ಕೊಡುತ್ತಾರೆ, ತಲೆಗೂದಲು ಕೊಡುತ್ತಾರೆ. ನಮ್ಮಪ್ಪ ಗುದ್ದಲಿ ಕೊಟ್ಟ. ದೇವರಿಗೆ ಗುದ್ದಲಿ ತಗೊಂಡು ಏನಾಗಬೇಕು ಅಂತ ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇದು ೧೯೫೨ರ ಮಾತು.

ಬಳ್ಳಾರಿ ರಸ್ತೆಯಲ್ಲಿ ಹುಣಸಮಾರನಹಳ್ಳಿ ದಾಟಿ ಒಳಕ್ಕೆ ತಿರುಗಿದರೆ ನಮ್ಮೂರು. ಕೆಂಪು ಮಣ್ಣು, ಕಲ್ಲುಕಂಬದ ಮೇಲೆ ದ್ರಾಕ್ಷಿ ಚಪ್ಪರ, ಚಪ್ಪರದ ಪಕ್ಕಕ್ಕೊಂದು ಬಾವಿ. ನಮ್ಮಪ್ಪ ಪಿಳ್ಳಪ್ಪ, ಅವರಪ್ಪ, ಅವರಪ್ಪನ ಅಪ್ಪ ಎಲ್ಲ ಅದೇ ತೋಟದಲ್ಲಿ ಬೆನ್ನು ಬಗ್ಗಿಸಿದವರು. ನನ್ನ ಹೆಸರು ಆವಲಪ್ಪ, ಪಿಳ್ಳಪ್ಪನ ಎರಡನೇ ಮಗ. ಮಿಡಲ್ ಸ್ಕೂಲಿಗೇ ಓದಿಗೆ ಕೈಮುಗಿದು ಬಂದವನು. ನನಗೆ ಅದರ ಬಗ್ಗೆ ಬೇಜಾರೇನೂ ಇಲ್ಲ, ಲೆಕ್ಕದ ಮೇಷ್ಟ್ರಿಗೆ ಇತ್ತೇನೋ.

ಅಪ್ಪನಿಗೆ ಓದಿನ ಹುಚ್ಚು ಹತ್ತಿದ್ದು ಒಂದು ಕಚೇರಿಯಲ್ಲಿ. ತೋಟದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಕ್ಕೆ ಹೋಗಿದ್ದ. ಶಾಯಿ ಹಚ್ಚಿ ಒತ್ತಿದರೆ ಕಾಗದದ ಮೇಲೆ ಬರೀ ಕಪ್ಪು ಮಚ್ಚೆ, ಗೆರೆ ಒಂದೂ ಮೂಡಲಿಲ್ಲ. ಒರೆಸಿ ಒತ್ತಿದ, ತೊಳೆದು ಒತ್ತಿದ. ಗುದ್ದಲಿಯ ಮರದ ಕಾವು ಉಜ್ಜಿ ಉಜ್ಜಿ ಅವನ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಅಲ್ಲಿದ್ದ ಗುಮಾಸ್ತ, “ಏನಯ್ಯ, ನೀನು ಅನ್ನೋದಕ್ಕೆ ಗುರುತೇ ಇಲ್ವಲ್ಲೋ ನಿಂಗೆ” ಅಂತ ನಕ್ಕನಂತೆ. ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ಜಗಲಿ ಮೇಲೆ ಕೂತು ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದ. ಆಮೇಲೆ ಅಮ್ಮನನ್ನು ಕರೆದು ಹೇಳಿದ.

“ಸೊಣ್ಣಮ್ಮ, ಈ ಮನೇಲಿ ಒಂದು ಕೈ ಆದ್ರೂ ಮಣ್ಣಿಂದ ಆಚೆ ಬರ್ಬೇಕು ಕಣೆ. ದೊಡ್ಡೋನ್ನ ಓದಿಸ್ತೀನಿ. ಎಷ್ಟು ಓದಿದ್ರೆ ಮುಗೀತದೋ ಅಷ್ಟೂ ಓದಿಸ್ತೀನಿ.”

ಓದು ಎಲ್ಲಿಗೆ ಮುಗಿಯುತ್ತದೆ ಅಂತ ಊರಲ್ಲಿ ವಿಚಾರಿಸಿದ. ಬಿ.ಎ.ಗೆ ಮುಗಿಯುತ್ತದೆ ಅಂದರು. ಆಗಿನ ಕಾಲಕ್ಕೆ ಅದು ನಿಜವೂ ಆಗಿತ್ತು.

ತಮಾಷೆ ಏನಂದರೆ, ಅಣ್ಣನಿಗೆ ಮಣ್ಣೇ ಇಷ್ಟ. ಓದು ಅವನಿಗೆ ಸುಲಭವಾಗಿ ಬರುತ್ತಿತ್ತು, ಬಂದದ್ದನ್ನು ಬೇಡ ಅನ್ನುತ್ತಿರಲಿಲ್ಲ, ಅಷ್ಟೇ. ಬೆಳಗ್ಗೆ ಎದ್ದು ಒಂದೆರಡು ಪಾತಿ ಅಗೆದು, ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಶರ್ಟು ಹಾಕಿಕೊಂಡು ಯಲಹಂಕಕ್ಕೆ ಓಡಿ ರೈಲು ಹಿಡಿಯುತ್ತಿದ್ದ. ಸಂಜೆ ಬಂದವನು ಪುಸ್ತಕ ಜಗಲಿ ಮೇಲಿಟ್ಟು ಮತ್ತೆ ತೋಟಕ್ಕೆ. ಅವನ ಗುದ್ದಲಿ ಏಟಿಗೆ ಒಂದು ಲಯ ಇತ್ತು. ಬಿದ್ದದ್ದು ಸಮ, ಎದ್ದದ್ದು ಸಮ. ನಾನು ಅವನ ಪಕ್ಕದ ಸಾಲು ಹಿಡಿದರೆ ನನಗೇ ನಾಚಿಕೆಯಾಗುತ್ತಿತ್ತು. ಕಾಲೇಜು ಸೇರುವ ಮುಂಚೆ ಬಾವಿ ಪಕ್ಕದಲ್ಲಿ ತನ್ನ ಕೈಯಾರೆ ಒಂದು ದ್ರಾಕ್ಷಿ ಕಡ್ಡಿ ನೆಟ್ಟಿದ್ದ. ಅದು ಚಿಗುರಿ, ಕಂಬ ಹತ್ತಿ, ಚಪ್ಪರದ ಆ ಮೂಲೆಯನ್ನೆಲ್ಲ ತಾನೇ ತುಂಬಿಕೊಂಡಿತು. ಅದಕ್ಕೆ ನಾವೆಲ್ಲ ಅಣ್ಣನ ಬಳ್ಳಿ ಅಂತಲೇ ಕರೆಯುತ್ತಿದ್ದೆವು.

ಪಾಸಾದ ಸುದ್ದಿ ಬಂದ ದಿನ ಯಲಹಂಕ ಸ್ಟೇಷನ್ನಿಗೆ ಗಾಡಿ ಕಟ್ಟಿಕೊಂಡು ಹೋದೆವು. ಊರಿನ ಹಿರಿಯ ಮುನಿವೆಂಕಟಯ್ಯ, ಅಪ್ಪನ ಓರಗೆಯವನು, ತನ್ನ ಮನೆಯ ಕುರ್ಚಿಯನ್ನು ಹೊರಿಸಿಕೊಂಡು ಬಂದು ನಮ್ಮ ಮನೆ ಮುಂದೆ ಹಾಕಿಸಿದ. ಊರಿಗೆಲ್ಲ ಅದೊಂದೇ ಕುರ್ಚಿ. ಅಣ್ಣ ಅದರಲ್ಲಿ ಕೂತು ಬೆವರುತ್ತಿದ್ದ. ಹೆಂಗಸರು ಮಕ್ಕಳನ್ನು ತಂದು, “ಬಿಎನೋರೆ, ತಲೆ ಮುಟ್ಟಿ” ಅನ್ನುವವರು. ಒಬ್ಬ ಔಷಧಿ ಸೀಸೆ ತಂದು ಅದರ ಮೇಲಿನ ಇಂಗ್ಲಿಷ್ ಓದಿಸಿಕೊಂಡ. ಅದರಲ್ಲಿ ಅಲುಗಾಡಿಸಿ ಕುಡಿಯಿರಿ ಅಂತಿತ್ತು. ಅಷ್ಟಕ್ಕೇ ಅವನಿಗೆ ಅರ್ಧ ಗುಣವಾದಂತಾಯಿತು.

ಮಾರನೇ ದಿನ ಮುನೇಶ್ವರನ ಕಟ್ಟೆಗೆ ಹೋದೆವು. ಹೊಂಗೆ ಮರದ ಕೆಳಗೆ ನೆಟ್ಟ ಕಲ್ಲು, ಸುತ್ತ ತ್ರಿಶೂಲ. ಅಪ್ಪ ಗುದ್ದಲಿಯನ್ನು ಮರಕ್ಕೆ ಒರಗಿಸಿ ಇಡುವಾಗ ಅಣ್ಣ ಕೈ ಚಾಚಿದ. ಕೊನೇದಾಗಿ ಒಂದು ಸಲ ಹಿಡಿಯೋಣ ಅಂತ ಇರಬೇಕು.

“ಬ್ಯಾಡ ಮಗ, ಮುಟ್ಬೇಡ,” ಅಂದ ಅಪ್ಪ. “ಓದಿರೋ ಕೈ ಅದು. ಇನ್ನು ಮಣ್ಣಿಗೆ ಆಕ್ಬಾರ್ದು. ಸ್ವಾಮಿ ಮುಂದೆ ಏಳ್ಬಿಟ್ಟಿದೀನಿ.”

ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಊರೆಲ್ಲ ಅವನಿಗೆ ದೊಡ್ಡದೇನೋ ಸಿಕ್ಕಿತು ಅನ್ನುತ್ತಿದ್ದಾಗ ಅವನು ಮಾತ್ರ ಏನೋ ಕಳೆದುಕೊಂಡವನ ಹಾಗೆ ಆ ಮರವನ್ನೇ ನೋಡುತ್ತಿದ್ದ.

ಅವತ್ತಿಂದ ಅಪ್ಪ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಬಿಯೆ’ ಅಂತಲೇ ಕರೆದ. “ಬಿಯೆ ಬಂದ್ನಾ?” “ಬಿಯೆ ಉಂಡ್ನಾ?” ಆಗ ಬಿ.ಎ.ಗೆ ಆ ಬೆಲೆ ಇತ್ತು ಬಿಡಿ. ಬೆಂಗಳೂರಿನ ಸರ್ಕಾರಿ ಆಫೀಸೊಂದರಲ್ಲಿ ಕೆಲಸ ಕರೆದೇ ಕೊಟ್ಟರು. ಹೆಣ್ಣು ಕೊಡುವವರು ಸಾಲುಗಟ್ಟಿದರು. ಅಬ್ಬಿಗೆರೆಯಿಂದ ರಾಮಲಕ್ಷ್ಮಮ್ಮ ನಮಗೆ ಅತ್ತಿಗೆಯಾಗಿ ಬಂದರು. ಅಣ್ಣ ಯಶವಂತಪುರದ ಒಂದು ವಠಾರದಲ್ಲಿ ಮನೆ ಮಾಡಿದ. ನಮ್ಮೂರಿನ ಯಾವ ಮದುವೆ ಮಾತುಕತೆಯೇ ಇರಲಿ, ಅಣ್ಣನನ್ನು ಕರೆಸಿ ಮುನಿವೆಂಕಟಯ್ಯನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವನು ಏನೂ ಮಾತಾಡಬೇಕಾಗಿರಲಿಲ್ಲ. ನಮ್ಮೂರಲ್ಲೂ ಒಬ್ಬ ಬಿ.ಎ. ಇದ್ದಾನೆ ಅಂತ ಬೀಗರು ಕಣ್ಣಾರೆ ನೋಡಿದರೆ ಸಾಕಾಗಿತ್ತು.

ಒಂದು ಸಲ ಹಣ್ಣಿನ ಬುಟ್ಟಿ ಕೊಡಲು ನಾನು ವಠಾರಕ್ಕೆ ಹೋದೆ. ಹಿತ್ತಲಲ್ಲಿ ಕೈಯಗಲ ಬಿಸಿಲು. ಅಲ್ಲಿ ಒಂದು ತುಕ್ಕು ಹಿಡಿದ ಡಾಲ್ಡಾ ಡಬ್ಬ, ಅದರಲ್ಲಿ ದ್ರಾಕ್ಷಿ ಬಳ್ಳಿ. ಬಟ್ಟೆ ಒಣಹಾಕುವ ಹಗ್ಗ ಹಿಡಿದು ಹತ್ತುತ್ತಿತ್ತು. ಎಲೆ ನೋಡಿದ ಕೂಡಲೇ ಅದು ಬಾವಿ ಪಕ್ಕದ ಬಳ್ಳಿಯ ಕಡ್ಡಿ ಅಂತ ಗೊತ್ತಾಯಿತು. ಅಣ್ಣ ಆಫೀಸಿನಿಂದ ಬಂದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಮುರಿದ ಸೌಟಿನಿಂದ ಮಣ್ಣು ಕೆದಕುತ್ತಿದ್ದನಂತೆ.

“ನಿಮ್ಮಣ್ಣಂಗೆ ಅದೇ ತ್ವಾಟ,” ಅಂದರು ಅತ್ತಿಗೆ. “ಭಾನುವಾರ ಊರಿಗೆ ಬರೋ ಮುಂಚೆ ತೆಂಗಿನ ನಾರಲ್ಲಿ ಉಗುರು ಉಜ್ಜಿ ಉಜ್ಜಿ ತೊಳ್ಕೋತಾರೆ. ಮಾವನೋರಿಗೆ ಮಣ್ಣು ಕಾಣಬಾರ್ದಂತೆ.”

ಹೌದು, ಪ್ರತಿ ಭಾನುವಾರ ಬರುತ್ತಿದ್ದ. ಬಂದವನೇ ಚಪ್ಪಲಿ ಬಿಟ್ಟು ತೋಟದೊಳಗೆ ಹೋಗುತ್ತಿದ್ದ. ಅಗೆದ ಪಾತಿಯಲ್ಲಿ ಬರಿಗಾಲು ಊರಿ ಸುಮ್ಮನೆ ನಿಲ್ಲುತ್ತಿದ್ದ. ಅಪ್ಪ ತೋಟದ ಗುಡಿಸಲಲ್ಲಿ ಬೀಡಿ ಸೇದುತ್ತಾ ಕೂತಿರುತ್ತಿದ್ದ. ಅಣ್ಣನ ಕೈ ಒಂದು ಒಣಗಿದ ಎಲೆ ಕೀಳುವುದಕ್ಕೆ ಹೋಗಲಿ, ಒಂದು ಕಳೆ ಹಿಡಿಯಲಿ, ಗುಡಿಸಲಿನಿಂದ ಒಂದು ಕೆಮ್ಮು ಕೇಳುತ್ತಿತ್ತು. ಮಾತಿಲ್ಲ, ಬರೀ ಕೆಮ್ಮು. ಅಣ್ಣ ತಕ್ಷಣ ಕೈ ಬೆನ್ನ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ. ಮದುವೆಯಾದ ಗಂಡಸು, ಸರ್ಕಾರಿ ನೌಕರ, ಬೆಲ್ಲ ಕದ್ದ ಹುಡುಗನ ಹಾಗೆ ನಿಂತುಕೊಳ್ಳುತ್ತಿದ್ದ. ನನಗೆ ನಗುವೂ ಬರುತ್ತಿತ್ತು, ಅಯ್ಯೋ ಅಂತಲೂ ಅನ್ನಿಸುತ್ತಿತ್ತು.

ಆಮೇಲೆ ಕಾಲ ತಿರುಗಿತು. ಹೇಗೆ ತಿರುಗಿತು ಅಂತ ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ಮೊದಲು ಪಕ್ಕದೂರಲ್ಲಿ ಒಬ್ಬ ಬಿ.ಎ. ಆದ. ಆಮೇಲೆ ನಮ್ಮೂರಲ್ಲೇ ರಾಮಕೃಷ್ಣಪ್ಪನ ಮಗ. ಹೊಸ ಹೊಸ ಕಾಲೇಜುಗಳು ಬಂದವು, ಅಣ್ಣನ ಕಾಲಕ್ಕೆ ಎಲ್ಲರಿಗೂ ಡಿಗ್ರಿ ಕೊಡುತ್ತಿದ್ದದ್ದು ಮೈಸೂರು ವಿಶ್ವವಿದ್ಯಾಲಯ, ಈಗ ಬೆಂಗಳೂರಿಗೇ ಒಂದು ಬೇರೆ ಬಂತು. ಒಳ್ಳೆಯದೇ ಆಯಿತು, ಬಡವರ ಮಕ್ಕಳೂ ಓದಿದರು. ಆದರೆ ಓದು ಎಲ್ಲರ ಮನೆಗೂ ಬಂದ ಮೇಲೆ ಅದಕ್ಕೆ ಕುರ್ಚಿ ಹಾಕುವವರು ಕಡಿಮೆಯಾದರು. ರಾಮಕೃಷ್ಣಪ್ಪನ ಮಗ ಬಿ.ಎ. ಮುಗಿಸಿ ಯಲಹಂಕ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂತ. ಅಣ್ಣನ ಆಫೀಸಿಗೆ ಹೊಸದಾಗಿ ಬಂದ ಜವಾನನೂ ಬಿ.ಎ. ಅಂತೆ. ಅದನ್ನು ಅಣ್ಣನೇ ನನಗೆ ಹೇಳಿದ.

“ಫೈಲು ತಂದಿಡ್ತಾನೆ, ಸಾರ್ ಅಂತಾನೆ. ಓದಿರೋದು ಇಬ್ರೂ ಒಂದೇ. ನಂಗೆ ಅವನ ಮುಖ ನೋಡೋಕೇ ಆಗಲ್ಲ ಕಣೋ ಆವಲ.”

ಇತ್ತ ನನ್ನ ದೆಸೆ ಏರಿತ್ತು. ಬಾವಿಗೆ ಕರೆಂಟಿನ ಪಂಪು ಹಾಕಿಸಿದ್ದೆ. ಹೆಬ್ಬಾಳದ ಕೃಷಿ ಕಾಲೇಜಿನವರು ಹೇಳಿದ ಔಷಧಿ ಹೊಡೆದು ಬಳ್ಳಿ ಚೆನ್ನಾಗಿ ಹಣ್ಣು ಕಟ್ಟುತ್ತಿತ್ತು. ದ್ರಾಕ್ಷಿಗೆ ಪೇಟೆಯಲ್ಲಿ ಕೇಳಿದ ರೇಟು. ನಾನು ಅದೇ ಲುಂಗಿ, ಅದೇ ಟವಲು. ಆದರೆ ಜನ ಮಾತಾಡಿಸುವ ದನಿ ಬೇರೆಯಾಯಿತು.

ಅದು ಗೊತ್ತಾಗಿದ್ದು ಮುನಿವೆಂಕಟಯ್ಯನ ಮೊಮ್ಮಗಳ ಮದುವೆಯ ಮಾತುಕತೆಯಲ್ಲಿ. ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಬರೀ ನೆರಳಾಗಿ ಕಾಣುತ್ತಿದ್ದರು. ನಾನೂ ಅಣ್ಣನೂ ಅವನ ಕೈ ಹಿಡಿದು ಕರೆದುಕೊಂಡು ಹೋಗಿ ಚಾಪೆ ಮೇಲೆ ಕೂರಿಸಿದೆವು. ಒಳಗಿನಿಂದ ಅದೇ ಹಳೇ ಕುರ್ಚಿ ಬಂತು. ಅಣ್ಣ ಅಭ್ಯಾಸದಂತೆ ಒಂದು ಹೆಜ್ಜೆ ಮುಂದಿಟ್ಟ. ಕುರ್ಚಿ ಅವನನ್ನು ದಾಟಿ ನನ್ನ ಹತ್ತಿರ ಬಂತು.

“ಕೂತ್ಕಳಪ್ಪ ಆವಲಪ್ಪ,” ಅಂದ ಮುನಿವೆಂಕಟಯ್ಯ. ಬೀಗರ ಕಡೆ ತಿರುಗಿ, “ನಮ್ಮೂರ ದ್ರಾಕ್ಷಿ ಆವಲಪ್ಪ ಅಂದ್ರೆ ಇವ್ರೇಯ” ಅಂತ ಪರಿಚಯ ಮಾಡಿಸಿದ.

ನಾನು ಕೂರಲೂ ಆರೆ, ಬಿಡಲೂ ಆರೆ. ಅಣ್ಣ ಕಣ್ಣಲ್ಲೇ ಕೂತುಕೋ ಅಂದು, ತಾನು ಹೋಗಿ ಅಪ್ಪನ ಪಕ್ಕ ಚಾಪೆ ಮೇಲೆ ಕೂತ. ಆಗ ಅಪ್ಪ ಜೋರಾಗಿ ಕೇಳಿದ.

“ಬಿಯೆಗೆ ಕುರ್ಚಿ ಆಕಿದ್ರಾ?”

ಮುನಿವೆಂಕಟಯ್ಯ ತಲೆ ಕೆರೆದುಕೊಂಡ.

“ಹಾಕಿದ್ರು ಅಪ್ಪಾ,” ಅಂದ ಅಣ್ಣ ಚಾಪೆಯ ಮೇಲಿಂದಲೇ. ಹೇಳುವಾಗ ಕತ್ತು ಮೇಲೆತ್ತಿದ, ದನಿ ಸ್ವಲ್ಪ ಎತ್ತರದಿಂದ ಬರಲಿ ಅಂತ. “ಕೂತಿದ್ದೀನಿ.”

ಅಪ್ಪ ಸಮಾಧಾನದಿಂದ ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ನನಗೆ ಆ ಕುರ್ಚಿಯಲ್ಲಿ ಮುಳ್ಳು ಚುಚ್ಚುತ್ತಿತ್ತು.

ಮುಂದಿನ ಭಾನುವಾರ ತೋಟದಲ್ಲಿ ನಾನು ಅಣ್ಣನಿಗೆ ಗುದ್ದಲಿ ಕೊಟ್ಟೆ. ಅಪ್ಪನಿಗೆ ಕಣ್ಣು ಕಾಣುವುದಿಲ್ಲ, ಹರಕೆ ಹೊತ್ತ ಬಿ.ಎ.ಗೆ ಈಗ ಚಾಪೆ, ಇನ್ನು ಯಾತರ ಭಯ ಅಂತ ನನ್ನ ಲೆಕ್ಕ. ಅಣ್ಣ ಸುತ್ತ ನೋಡಿ ಗುದ್ದಲಿ ಹಿಡಿದ. ತನ್ನ ಬಳ್ಳಿಯ ಬುಡಕ್ಕೆ ಹೋಗಿ ಒಂದು ಏಟು ಹಾಕಿದ. ಇನ್ನೊಂದು ಹಾಕಿದ. ಅವನ ಮುಖ ಅರಳಿತು. ಅಷ್ಟರಲ್ಲಿ ಗುಡಿಸಲಿನಿಂದ ಕೆಮ್ಮು, ಅದರ ಹಿಂದೆಯೇ ಮಾತು.

“ಯಾರ್ಲಾ ಅದು? ಆವಲನ ಏಟಲ್ಲ ಅದು.”

ಅಣ್ಣನ ಕೈಯಿಂದ ಗುದ್ದಲಿ ಜಾರಿತು. “ಕೂಲಿಯೋನು ಅಪ್ಪಾ, ಹೊಸಬ,” ಅಂದೆ ನಾನು.

“ಮಣ್ಣಿಗೆ ಕೈ ಬಿದ್ದಿಲ್ಲ ಅವಂಗೆ. ಬ್ಯಾರೆ ಯಾರ್ನಾದ್ರೂ ನೋಡು.”

ಅಣ್ಣ ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಂಡ. ಅವತ್ತು ನನಗೆ ಸಿಟ್ಟು ತಡೆಯಲಾಗಲಿಲ್ಲ. ಹಿಂದೆಯೇ ಹೋಗಿ ಬಾಯಿಗೆ ಬಂದಂತೆ ಅಂದೆ.

“ನಿನ್ನ ಬಿ.ಎ.ಗೆ ಈಗ ಏನೈತೆ ಅಣ್ಣ? ಬೀದಿಗೊಬ್ಬ ಅವ್ನೆ. ನಾನೇ ಅಪ್ಪಂಗೆ ಹೇಳ್ಬಿಡ್ತೀನಿ. ಮುನೇಶ್ವರಂಗೆ ಒಂದು ಕೋಳಿ ಕೊಟ್ಟು ಗುದ್ದಲಿ ಈಚೆ ತರಾನ.”

ಅಣ್ಣ ಉಗುರಿನ ಸಂದಿಯ ಮಣ್ಣು ಕೆರೆದು ತೆಗೆದ. “ಹೇಳ್ಬೇಡ ಕಣೋ,” ಅಂದ. “ಅದರ ಬೆಲೆ ಆಫೀಸಲ್ಲಿ ಇಳೀತು, ಊರಲ್ಲಿ ಇಳೀತು. ನಂಗೆ ಅದರ ಚಿಂತೆ ಇಲ್ಲ. ಅಪ್ಪನ ಹತ್ರ ಮಾತ್ರ ಇಳೀಬಾರ್ದು. ಅವನು ಅದನ್ನ ಕೊಂಡ್ಕೊಂಡಿದ್ದು ತನ್ನ ಕೈ ಕೊಟ್ಟು.”

ನಾನು ಮತ್ತೆ ಆ ಮಾತು ಎತ್ತಲಿಲ್ಲ. ಅವನಿಗೆ ಮಣ್ಣು ಬೇಕು, ಅಪ್ಪನೂ ಬೇಕು. ಎರಡೂ ಒಟ್ಟಿಗೆ ಸಿಗುವ ಹಾಗಿರಲಿಲ್ಲ. ಒಂದು ಸಿಗಬೇಕಾದರೆ ಇನ್ನೊಂದು ಹೋಗಬೇಕಿತ್ತು, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

೧೯೬೮ರ ಚಳಿಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದ. ಅಣ್ಣ ರಜೆ ಹಾಕಿ ಬಂದು ಪಕ್ಕದಲ್ಲೇ ಕೂತ. ಅಪ್ಪ ಅವನ ಅಂಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಆ ಗೆರೆಯಿಲ್ಲದ ಹೆಬ್ಬೆರಳಿನಿಂದ ಸವರುತ್ತಿದ್ದ. ಎಲ್ಲೂ ಗಂಟಿಲ್ಲ, ಒರಟಿಲ್ಲ. ಸವರಿ ಸವರಿ ನಗುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟ.

“ಬಿಯೆ, ಈಗ ಎಲ್ರೂ ಬಿಯೆ ಓದ್ತಾವ್ರಂತೆ. ನಿಂದಕ್ಕೆ ಬೆಲೆ ಕಮ್ಮಿ ಆಯ್ತೇನ್ಲಾ?”

ಅಮ್ಮ ಗಂಜಿ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು. ನಾನು ಬಾಗಿಲಲ್ಲಿದ್ದೆ.

“ನಂದು ಮೈಸೂರಿಂದು ಅಪ್ಪಾ,” ಅಂದ ಅಣ್ಣ. “ಹಳೇದು. ಅದಕ್ಕೆ ಕಮ್ಮಿ ಆಗಲ್ಲ.”

ಅಪ್ಪ ತಲೆ ಆಡಿಸಿದ. ಆಮೇಲೆ ನೋಡುವುದಕ್ಕೆ ಬಂದವರಿಗೆಲ್ಲ ಅದನ್ನೇ ಹೇಳಿದ. ನಮ್ಮ ಬಿಯೆದು ಮೈಸೂರಿಂದು, ಇವಾಗಿಂದೆಲ್ಲ ಅಂಗಲ್ಲ ಅಂತ. ಉಸಿರು ಸಾಲದಿದ್ದರೂ ಅಷ್ಟು ಮಾತ್ರ ಪೂರ್ತಿ ಹೇಳುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಹೋಗಿಬಿಟ್ಟ.

ನಮ್ಮಲ್ಲಿ ಸುಡುವುದಿಲ್ಲ, ತೋಟದ ಅಂಚಿನಲ್ಲೇ ಹೂಳುತ್ತೇವೆ. ಅಪ್ಪನನ್ನು ಅವರಪ್ಪನ ಪಕ್ಕದಲ್ಲಿ ಇಳಿಸಿದೆವು. ಮೊದಲ ಹಿಡಿ ಮಣ್ಣು ದೊಡ್ಡ ಮಗನದ್ದು. ಅಣ್ಣ ಬಗ್ಗಿ ಒಂದು ಹಿಡಿ ಎತ್ತಿಕೊಂಡ. ಹಾಕಲಿಲ್ಲ. ಹಿಡಿದುಕೊಂಡೇ ನಿಂತ. ಇಷ್ಟು ವರ್ಷದಲ್ಲಿ ಊರೆದುರಿಗೆ ಅವನು ಮುಟ್ಟಿದ ಮೊದಲನೇ ಮಣ್ಣು ಅದು. ಮುನಿವೆಂಕಟಯ್ಯ ಮೆಲ್ಲಗೆ ಭುಜ ಮುಟ್ಟಿದ ಮೇಲೆ ಬೆರಳು ಬಿಡಿಸಿದ.

“ಸಾಕಪ್ಪ, ಈಚೆ ಬಾ. ಮಿಕ್ಕಿದ್ದು ನಾವು ಮುಚ್ತೀವಿ,” ಅಂದ ಮುನಿವೆಂಕಟಯ್ಯ.

ಅಣ್ಣ ನನ್ನ ಕೈಯಿಂದ ಗುದ್ದಲಿ ತಗೊಂಡ. ಯಾರಿಗೂ ಕೊಡಲಿಲ್ಲ. ಒಬ್ಬನೇ ಮಣ್ಣು ಎಳೆದ, ಒಬ್ಬನೇ ತುಂಬಿದ. ಮೊದಮೊದಲು ಏಟು ಅಡ್ಡಾದಿಡ್ಡಿ ಬೀಳುತ್ತಿತ್ತು. ಬರುಬರುತ್ತಾ ಹಳೆಯ ಲಯ ಹಿಡಿಯಿತು. ಬಿದ್ದದ್ದು ಸಮ, ಎದ್ದದ್ದು ಸಮ. ಜನ ಸುಮ್ಮನೆ ನಿಂತು ನೋಡಿದರು. ಅವನು ಅಳುತ್ತಿದ್ದನೋ ಬೆವರುತ್ತಿದ್ದನೋ ಹೇಳುವಂತಿರಲಿಲ್ಲ. ನಾನಂತೂ ಅತ್ತೆ.

ಮನೆಗೆ ಬಂದಾಗ ಅವನ ಅಂಗೈ ತುಂಬ ಬೊಬ್ಬೆ ಎದ್ದು ಒಡೆದಿತ್ತು. ಅಮ್ಮ ಹರಳೆಣ್ಣೆ ತಂದು ಹಚ್ಚುತ್ತಾ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇಷ್ಟು ವರ್ಸ ಕಾದಿದ್ದು ಇದ್ಕಾ ಮಗ?” ಅಂದಳು.

ತಿಥಿ ಮುಗಿದ ಮೇಲೆ ಮುನೇಶ್ವರನ ಹತ್ತಿರ ಹೋಗಿ ಅವನ ಗುದ್ದಲಿ ತರೋಣ ಅಂತ ಕೇಳಿದೆ. ಕಾವನ್ನು ಗೆದ್ದಲು ತಿಂದಿತ್ತು, ಕಬ್ಬಿಣ ಮಾತ್ರ ಹೊಂಗೆ ಬೇರಿನ ಜೊತೆ ಅಂಟಿಕೊಂಡಿತ್ತು. ಅದು ಅಪ್ಪಂದು, ಅಲ್ಲೇ ಇರಲಿ ಅಂದ ಅಣ್ಣ. ಯಲಹಂಕ ಸಂತೆಗೆ ಹೋಗಿ ತನ್ನ ಕೈಗೆ ಹೊಂದುವ ಹೊಸದೊಂದು ತಂದ.

ಅದರ ಮುಂದಿನ ಭಾನುವಾರ ಬೆಳಗಿನ ಬಸ್ಸಿಗೇ ಬಂದ. ಉಗುರು ತೊಳೆದುಕೊಂಡು ಬಂದಿರಲಿಲ್ಲ, ಡಾಲ್ಡಾ ಡಬ್ಬದ ಮಣ್ಣು ಹಾಗೇ ಇತ್ತು. ಶರ್ಟು ಬಿಚ್ಚಿ ಚಪ್ಪರದ ಕಂಬಕ್ಕೆ ನೇತುಹಾಕಿ, ತನ್ನ ಬಳ್ಳಿಯ ಬುಡದಿಂದ ಸಾಲು ಹಿಡಿದ. ನಾನು ಪಕ್ಕದ ಸಾಲು ಹಿಡಿದೆ. ಎಳೆ ಬಿಸಿಲು, ತಿರುವಿದ ಮಣ್ಣಿನ ವಾಸನೆ. ಇಬ್ಬರೂ ಮಾತಿಲ್ಲದೆ ಅರ್ಧ ಸಾಲು ಮುಗಿಸಿದೆವು. ಎಷ್ಟೋ ವರ್ಷದಿಂದ ನಾನು ಕಾದಿದ್ದದ್ದೂ ಇದನ್ನೇ ಅಂತ ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಗುಡಿಸಲ ಕಡೆಯಿಂದ ಒಂದು ಕೆಮ್ಮು ಕೇಳಿತು.

ಅಣ್ಣ ಗಕ್ಕನೆ ನಿಂತ. ಗುದ್ದಲಿ ಬೆನ್ನ ಹಿಂದಕ್ಕೆ ಹೋಯಿತು. ನಾನು ತಿರುಗಿ ನೋಡಿದರೆ ಮುನಿವೆಂಕಟಯ್ಯ, ಬಿಂದಿಗೆ ಹಿಡಿದು ಬಾವಿ ನೀರಿಗೆ ಬರುತ್ತಿದ್ದ. ಅವನೂ ಅಪ್ಪನ ಹಾಗೆ ಬೀಡಿ ಸೇದುವವನೇ.

“ಮುನಿವೆಂಕಟಯ್ಯ ಕಣಣ್ಣ, ನೀರಿಗೆ ಬಂದವ್ನೆ,” ಅಂದೆ.

“ಗೊತ್ತು,” ಅಂದ ಅಣ್ಣ. ಆದರೆ ಗುದ್ದಲಿ ಮುಂದಕ್ಕೆ ತರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಗುಡಿಸಲ ಕಡೆಗೇ ಕಿವಿಕೊಟ್ಟು ನಿಂತಿದ್ದ.

“ಇನ್ಯಾಕೆ ಬಚ್ಚಿಡ್ತೀಯ? ಹಿಡ್ಕೋ ಅಣ್ಣ,” ಅಂದೆ.

“ತಡಿಯೋ ಆವಲ,” ಅಂದ ಅವನು. “ಅವನು ಇನ್ನೊಂದ್ಸಲ ಕೆಮ್ಮಲಿ.”